ಪನೀರ್ ನೀರಿನ ಲೆಕ್ಕ ಕೇಳಿ ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾಧಿಕಾರಿಗಳಿಗೆ, ಹಾಗೂ ಉಭಯ ಜಿಲ್ಲೆಗಳ ಹಾಲು ಉತ್ಪಾದಕರ ಸಂಘಗಳ ಸದಸ್ಯರ ಅವಗಾಹನೆಗೆ.

ವಿಷಯ: ಪನೀರ್ ಮತ್ತು ಬೆಣ್ಣೆ ತಯಾರಿಕೆಯಲ್ಲಿ ಉಳಿಯುವ ಹಾಲೊಡಕು, ಮಜ್ಜಿಗೆ ಇತ್ಯಾದಿಗಳನ್ನು ಕಡಿಮೆ ಬೆಲೆಯ ಪೌಷ್ಟಿಕ ಪಾನೀಯವಾಗಿ ಜನರಿಗೆ ತಲುಪಿಸುವ ಬಗ್ಗೆ.

ಮಾನ್ಯರೇ,

ಉಡುಪಿ ಜಿಲ್ಲೆಯ ಒಳನಾಡಿನ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 22 ವರ್ಷ ಕಾರ್ಯದರ್ಶಿಯಾಗಿದ್ದು ಈಚೆಗೆ ನಿವೃತ್ತಳಾದವಳು ನಾನು. ಸಚಿವರೊಬ್ಬರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಅದನ್ನೂ ಲಕೋಟೆಗೆ ಹಾಕದೆ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಲಕೋಟೆಗೆ ಹಾಕಿದ ಮೂರು ಅರ್ಜಿಗಳು ಕಳೆದ ಒಂದೂವರೆ ವರ್ಷದಲ್ಲಿ ಮೂರು ಬೇರೆ ಬೇರೆ ಕಚೇರಿಗಳಿಗೆ ಹೋಗಿವೆ. ಒಂದಕ್ಕೂ ಲಿಖಿತ ಉತ್ತರ ಬಂದಿಲ್ಲ.

ನಾನು ಹೇಳಹೊರಟಿರುವುದು ಪನೀರ್ ಮಾಡಿದ ಮೇಲೆ ಉಳಿಯುವ ನೀರಿನ ವಿಷಯ. ಪುಸ್ತಕಗಳಲ್ಲಿ ಅದಕ್ಕೆ ಹಾಲೊಡಕು ಎಂಬ ಹೆಸರಿದೆ, ಘಟಕಗಳಲ್ಲಿ ದುಡಿಯುವವರು ‘ಪನೀರ್ ನೀರು’ ಎನ್ನುತ್ತಾರೆ, ಜಿಮ್ಮಿಗೆ ಹೋಗುವ ಹುಡುಗರು ‘ವೇ’ ಎನ್ನುತ್ತಾರೆ. ನೋಡಲು ಹಸಿರು ಛಾಯೆಯ ತೆಳು ಹಳದಿ. ಆ ಬಣ್ಣ ಅದರಲ್ಲಿ ಕರಗಿರುವ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ್ದು. ನಮ್ಮ ಅಮ್ಮ ಮನೆಯಲ್ಲಿ ಹಾಲು ಒಡೆದರೆ ಆ ನೀರನ್ನು ಚೆಲ್ಲಲು ಬಿಡುತ್ತಿರಲಿಲ್ಲ. ಚಪಾತಿ ಹಿಟ್ಟು ಕಲಸಲಿಕ್ಕೋ ಸಾರಿಗೋ ಹಾಕಿ ಮುಗಿಸುತ್ತಿದ್ದರು, ಮತ್ತೂ ಉಳಿದರೆ ದನದ ಅಕ್ಕಚ್ಚಿನ ಬಾಲ್ದಿಗೆ ಸುರಿಯುತ್ತಿದ್ದರು. ಮನೆಯಲ್ಲಿ ಅರ್ಧ ಲೀಟರ್ ಬರುವಾಗ ಇದ್ದ ಆ ಬುದ್ಧಿ ದಿನಕ್ಕೆ ನೂರಾರು ಲೀಟರ್ ಬರತೊಡಗಿದ ಮೇಲೆ ಎಲ್ಲಿ ಹೋಯಿತು ಎಂಬುದೇ ನನ್ನ ಪ್ರಶ್ನೆ.

ಸೊಸೈಟಿಯ ಲೆಕ್ಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ. ಹಾಲು ಹಾಕಲು ಬಂದವರ ಪಾತ್ರೆಯಿಂದ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಇಟ್ಟರೆ ಎರಡು ಅಂಕಿಗಳು ಮುಖ್ಯವಾಗಿ ಬರುತ್ತವೆ: ಒಂದು ಫ್ಯಾಟ್, ಇನ್ನೊಂದು ಎಸ್‌ಎನ್‌ಎಫ್. ಕೊಬ್ಬನ್ನು ಬಿಟ್ಟು ಹಾಲಿನಲ್ಲಿರುವ ಮಿಕ್ಕೆಲ್ಲ ಘನಾಂಶವೇ ಎಸ್‌ಎನ್‌ಎಫ್; ಅದು ಶೇಕಡಾ 8.5ಕ್ಕಿಂತ ಕೆಳಗೆ ಬಂದರೆ ದರದಲ್ಲಿ ಕಡಿತ. ಗುಡ್ಡ ಇಳಿದು ಎರಡು ಲೀಟರ್ ಹಾಲು ತರುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಯಂತ್ರ 8.2 ತೋರಿಸಿದ ದಿನ ಅವರು ಸ್ಲಿಪ್ಪನ್ನು ಬಾಗಿಲ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, “ನಾನು ನೀರು ಸೇರಿಸಿದ್ದಲ್ಲ ಮಾರಾಯ್ತಿ, ದೇವರಾಣೆ” ಎನ್ನುತ್ತಿದ್ದರು. ಅವರು ಸೇರಿಸಿರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯಂತ್ರ ಹೇಳಿದ್ದನ್ನೇ ಪುಸ್ತಕದಲ್ಲಿ ಬರೆದೆ, ಏಕೆಂದರೆ ಬರೆಯಬೇಕಾದದ್ದು ಅದೇ.

ಆ 8.5ರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. ಹಾಲನ್ನು ಕಾಯಿಸಿ ಸಿಟ್ರಿಕ್ ಆಮ್ಲ ಹಾಕಿ ಒಡೆಸಿದಾಗ ಕೊಬ್ಬೂ ಕೇಸಿನ್ ಎಂಬ ಪ್ರೋಟೀನೂ ಗಟ್ಟಿಯಾಗಿ ಪನೀರಿನೊಳಗೆ ಕೂರುತ್ತವೆ. ಲ್ಯಾಕ್ಟೋಸಿನ ಬಹುಪಾಲು, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂನಂತಹ ಲವಣಗಳ ಒಂದು ಒಳ್ಳೆಯ ಪಾಲು, ನೀರಿನಲ್ಲಿ ಕರಗುವ ಜೀವಸತ್ವಗಳು, ಇವೆಲ್ಲ ನೀರಿನ ಜೊತೆ ಹೊರಗೆ ಹೋಗುತ್ತವೆ. ನೂರು ಲೀಟರ್ ದನದ ಹಾಲಿನಿಂದ 15 ಕಿಲೋ ಆಸುಪಾಸು ಪನೀರ್ ಸಿಕ್ಕಿದರೆ 80 ಲೀಟರಿಗೂ ಮಿಕ್ಕಿ ಹಾಲೊಡಕು ಉಳಿಯುತ್ತದೆ. ಹಾಲಿನ ಒಟ್ಟು ಘನಾಂಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದರಲ್ಲೇ ಇರುತ್ತದೆ. ಎಸ್‌ಎನ್‌ಎಫ್ 0.3 ಕಡಿಮೆಯಾಯಿತೆಂದು ಹೆಂಗಸೊಬ್ಬಳ ದುಡ್ಡು ಹಿಡಿಯುವ ನಾಡಿನಲ್ಲಿ, ಅದೇ ಎಸ್‌ಎನ್‌ಎಫ್‌ನ ಅರ್ಧವನ್ನು ಚರಂಡಿಗೆ ಬಿಟ್ಟರೆ ಯಾರೂ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಇದನ್ನು ತಿಳಿದ ದಿನ ನಾನು ಬರೆದ ಕಡಿತಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ತಿಳಿದದ್ದು ಹೇಗೆ ಎಂದರೆ, ತೋಡಿನಿಂದ. ನಮ್ಮ ಮನೆಯಿಂದ ಮುಕ್ಕಾಲು ಕಿಲೋಮೀಟರ್ ಮೇಲೆ ಒಂದು ಸಣ್ಣ ಖಾಸಗಿ ಪನೀರ್ ಘಟಕ ಆರಂಭವಾಗಿ ಮೂರು ವರ್ಷವಾಯಿತು. ಹೆಸರು ಬರೆಯುವುದಿಲ್ಲ, ಅದರ ಮಾಲಕರು ಊರಿನವರೇ, ಏಳೆಂಟು ಮಂದಿಗೆ ಕೆಲಸ ಕೊಟ್ಟವರು, ಮಾಡುವ ಪನೀರೂ ಶುದ್ಧವಾದದ್ದು. ದಿನಕ್ಕೆ 500 ಲೀಟರ್ ಹಾಲು ಒಡೆಸುತ್ತಾರೆ. ಎರಡು ಬೇಸಗೆಗಳ ಹಿಂದೆ ಮಾರ್ಚಿನಲ್ಲಿ, ತೋಡಿನ ಹರಿವು ನಿಂತು ಅಡ್ಡ ಹಾಕಿದ ಕಟ್ಟದ ಹಿಂದೆ ಮಾತ್ರ ನೀರು ಉಳಿದಿದ್ದ ಹೊತ್ತಿಗೆ, ಬಟ್ಟೆ ಒಗೆಯಲು ಹೋದ ನೆರೆಮನೆಯವರು ಖಾಲಿ ಕೈಯಲ್ಲಿ ಮರಳಿ ಬಂದು ನನ್ನನ್ನು ಕರೆದರು. ಹೋಗಿ ನೋಡಿದರೆ ನೀರಿನ ಮೇಲೆ ಕೆನೆಯಂತೆ ಬೂದುಬಿಳಿ ಪದರ, ಹಳಸಿದ ಅಂಬಲಿಯ ವಾಸನೆ. ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಾಳಿಯನ್ನೇ ಉಸಿರಾಡಬಲ್ಲ ಮುಗುಡು ಮಾತ್ರ ಮತ್ತೆ ಮತ್ತೆ ಮೇಲಕ್ಕೆ ಬಂದು ಮೂತಿ ಚಾಚಿ ಮುಳುಗುತ್ತಿತ್ತು. ಮೇಲೆ ಹೋದಂತೆ, ಕೇದಗೆ ಮೆಳೆಯ ಮರೆಯಲ್ಲಿ, ಒಂದು ಪಿವಿಸಿ ಪೈಪಿನ ಬಾಯಿ ಕಾಣಿಸಿತು.

ಹಾಲಿನ ನೀರು ತಾನೆ, ವಿಷವೇನಲ್ಲವಲ್ಲ ಎಂದು ಕೇಳುವವರಿದ್ದಾರೆ. ಘಟಕದವರೂ ಮೊದಲು ಹಾಗೆಯೇ ಕೇಳಿದರು. ವಿಷವಲ್ಲದ್ದೇ ತೊಂದರೆ. ನೀರಿಗೆ ಬಿದ್ದ ಸಕ್ಕರೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ, ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಈ ಆಮ್ಲಜನಕದ ಬೇಡಿಕೆಯನ್ನು ಬಿಒಡಿ ಎಂಬ ಅಳತೆಯಿಂದ ಹೇಳುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ ಹಾಲೊಡಕಿನಲ್ಲಿ 30,000ದಿಂದ 50,000 ಮಿಲಿಗ್ರಾಂ ಇರುತ್ತದೆ. ಹೊಳೆ, ತೋಡುಗಳಿಗೆ ಬಿಡುವ ನೀರಿನಲ್ಲಿ ಸಾಮಾನ್ಯವಾಗಿ ಇರಬಹುದಾದ ಮಿತಿ 30. ಅಂದರೆ ಒಂದು ಲೀಟರ್ ಪನೀರ್ ನೀರು ತೋಡಿಗೆ ಬಿದ್ದರೆ ನೂರು ಲೀಟರಿಗೂ ಹೆಚ್ಚು ಕೊಳಚೆ ಬಿದ್ದ ಲೆಕ್ಕ. ಆ ಪುಟ್ಟ ಘಟಕದ ಒಂದು ದಿನದ ಹಾಲೊಡಕು ಮುನ್ನೂರು ಮಂದಿಯ ಒಂದು ಊರಿನ ಕೊಳಚೆಗೆ ಸಮ. ನಮ್ಮ ತೋಡು ಕೊನೆಗೆ ಸೇರುವುದು ಸ್ವರ್ಣೆಯನ್ನು, ಮತ್ತು ಉಡುಪಿ ಪೇಟೆ ಕುಡಿಯುವುದು ಸ್ವರ್ಣೆಯ ಬಜೆ ಅಣೆಕಟ್ಟಿನ ನೀರನ್ನು.

ಮಾಲಕರ ಹತ್ತಿರ ನಾನೇ ಹೋಗಿ ಮಾತಾಡಿದೆ. ಸಿಟ್ಟು ಮಾಡಲಿಲ್ಲ. “ಅಕ್ಕ, ದಿನಕ್ಕೆ ನಾನೂರು ಲೀಟರ್ ನಾನು ಎಲ್ಲಿ ಇಡುವುದು? ದನಗಳಿಗೆ ತೆಗೆದುಕೊಂಡು ಹೋಗಿ ಅಂದರೆ ನಾಲ್ಕು ಜನ ಬರ್ತಾರೆ, ಆದಿತ್ಯವಾರ ಅವರೂ ಇಲ್ಲ. ಶುದ್ಧೀಕರಣದ ಟ್ಯಾಂಕಿಗೆ ಹೇಳುವ ರೇಟು ನನ್ನ ಘಟಕದ ಬೆಲೆಗಿಂತ ಹೆಚ್ಚು” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ದೊಡ್ಡ ಡೈರಿಗಳಿಗೆ ಹಾಲೊಡಕನ್ನು ಒಣಗಿಸಿ ಪುಡಿ ಮಾಡುವ, ಜರಡಿಪೊರೆಯಲ್ಲಿ ಸೋಸಿ ಪ್ರೋಟೀನು ಬೇರ್ಪಡಿಸುವ ಬಂಡವಾಳ ಇರುತ್ತದೆ. ಆ ಪುಡಿಯೇ ಡಬ್ಬಿ ಸೇರಿ ಕಿಲೋಗೆ ಸಾವಿರಾರು ರೂಪಾಯಿಗೆ ಜಿಮ್ಮುಗಳಲ್ಲಿ ಮಾರಾಟವಾಗುತ್ತದೆ. ಹೋಟೆಲುಗಳಿಗೆ ಪನೀರ್ ಒದಗಿಸುವ ಸಣ್ಣ ಘಟಕಕ್ಕೆ, ಸಿಹಿತಿಂಡಿಗೆ ಛೇನಾ ಮಾಡುವ ಅಡುಗೆಮನೆಗೆ ಅದು ಆಗುವ ಹೋಗುವ ಮಾತಲ್ಲ. ಅವರ ಪಾಲಿಗೆ ಇರುವುದು ಪೈಪು ಮತ್ತು ತೋಡು. 2025ರ ಸೆಪ್ಟೆಂಬರ್ 22ರಿಂದ ಪೊಟ್ಟಣದ ಪನೀರಿನ ಮೇಲೆ ಜಿಎಸ್‌ಟಿ ಇಲ್ಲವಾಗಿದೆ, ಸಂತೋಷ. ಆದರೆ ಪನೀರ್ ಹೆಚ್ಚು ಖರ್ಚಾದಷ್ಟೂ ಅದರ ಐದು ಪಟ್ಟು ನೀರೂ ಹೆಚ್ಚುತ್ತದೆ ಎಂಬುದನ್ನು ಯಾರಾದರೂ ಯೋಚಿಸಿದ್ದಾರೆಯೇ?

ಆ ದಿನ ಬರುವಾಗ ಹತ್ತು ಲೀಟರಿನ ಸ್ಟೀಲ್ ಕ್ಯಾನಿನಲ್ಲಿ ಬಿಸಿ ಹಾಲೊಡಕನ್ನು ತುಂಬಿಸಿಕೊಂಡು ಬಂದೆ. ನಮ್ಮ ಸ್ವಸಹಾಯ ಗುಂಪಿನ ನಾಲ್ವರು ಸೇರಿ ಮೊದಲು ಮಾಡಿದ್ದು ಪುನರ್ಪುಳಿ ಶರಬತ್ತು. ನೀರಿನ ಬದಲು ಹಾಲೊಡಕು, ಅದಕ್ಕೆ ನೆನೆಸಿದ ಪುನರ್ಪುಳಿ ಸಿಪ್ಪೆಯ ರಸ, ಸ್ವಲ್ಪ ಬೆಲ್ಲ, ಉಪ್ಪು, ಜೀರಿಗೆ ಪುಡಿ. ಬಣ್ಣ ಚೆಂದ ಬಂತು, ರುಚಿಯೂ ಬಂತು, ಹಾಲೊಡಕಿಗೆ ಸಹಜವಾದ ಒಂದು ಒಗರು-ಉಪ್ಪಿನ ವಾಸನೆಯನ್ನು ಪುನರ್ಪುಳಿ ಪೂರ್ತಿ ಮುಚ್ಚಿಬಿಟ್ಟಿತು. ಆದರೆ ಕಾಯಿಸಿ ಬಾಟಲಿಗೆ ಹಾಕಿ ಇಟ್ಟದ್ದನ್ನು ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಬಿಳಿ ಗಷ್ಟು. ಮೊಮ್ಮಗಳು ಬಾಟಲಿಯನ್ನು ಓರೆ ಮಾಡಿ ನೋಡಿ, “ಅಜ್ಜಿ, ಇದು ಹಾಳಾಗಿದೆ” ಎಂದು ಇಟ್ಟುಬಿಟ್ಟಳು.

ಹಾಳಾಗಿರಲಿಲ್ಲ. ಕಾವಿಗೆ ಉಳಿದ ಪ್ರೋಟೀನು ಹೆಪ್ಪುಗಟ್ಟಿ ಕೆಳಗಿಳಿದಿತ್ತು. ಬಟ್ಟೆಯಲ್ಲಿ ಸೋಸಿದರೆ ಶರಬತ್ತು ಕನ್ನಡಿಯಂತೆ ತಿಳಿಯಾಗುತ್ತದೆ, ಆದರೆ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಅದೇ ಬಟ್ಟೆಯಲ್ಲಿ ಉಳಿಯುತ್ತದೆ. ಇಲ್ಲಿ ಒಂದು ಸತ್ಯವನ್ನು ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಪೌಷ್ಟಿಕ ಎಂಬ ಶಬ್ದವನ್ನು ಬಾಟಲಿಯ ಮೇಲೆ ಅಚ್ಚು ಹಾಕಿಸುವವರು ಇದನ್ನು ಹೇಳುವುದಿಲ್ಲ. ಪನೀರ್ ಮಾಡಲು ಹಾಲನ್ನು 90 ಡಿಗ್ರಿಯವರೆಗೆ ಕಾಯಿಸುವುದರಿಂದ ಹಾಲೊಡಕಿಗೆ ಹೋಗಬೇಕಾದ ಪ್ರೋಟೀನಿನ ಒಂದು ಭಾಗ ಪನೀರಿನೊಂದಿಗೇ ಅಂಟಿ ಹೋಗುತ್ತದೆ. ಚೀಸ್ ತಯಾರಿಕೆಯ ಹಾಲೊಡಕಿಗೆ ಹೋಲಿಸಿದರೆ ಪನೀರಿನದರಲ್ಲಿ ಪ್ರೋಟೀನು ಕಡಿಮೆ, ನೂರು ಮಿಲಿಲೀಟರಿಗೆ ಅರ್ಧ ಗ್ರಾಂ ಮಾತ್ರ. 200 ಮಿಲಿಲೀಟರಿನ ಒಂದು ಲೋಟದಲ್ಲಿ ಸಿಗುವುದು ಒಂದು ಗ್ರಾಂ. ಅಷ್ಟೇ ಹಾಲಿನಲ್ಲಿ ಆರು ಗ್ರಾಂಗಿಂತ ಹೆಚ್ಚು. ಆದುದರಿಂದ ಬರೀ ಹಾಲೊಡಕಿಗೆ ಸಕ್ಕರೆಯನ್ನೂ ಮಾವಿನ ಸುವಾಸನೆಯನ್ನೂ ಸೇರಿಸಿ ಮಕ್ಕಳ ಮುಂದೆ ಇಡಿ ಎಂದು ನಾನು ಬೇಡುತ್ತಿಲ್ಲ. ಅದು ಹಾಲಿನ ಹೆಸರಿನಲ್ಲಿ ಇನ್ನೊಂದು ಸೋಡಾ ಆಗುತ್ತದೆ.

ದಾರಿ ಸಿಕ್ಕಿದ್ದು ಮಜ್ಜಿಗೆಯ ಪಾತ್ರೆಯಲ್ಲಿ. ಈ ಎರಡು ಜಿಲ್ಲೆಗಳಲ್ಲಿ ತುಳುವಿನವರು ಅಲೆ ಎಂದರೂ ಕೊಂಕಣಿಯವರು ತಾಕ ಎಂದರೂ ಬಾಯಾರಿದವನಿಗೆ ಮೊದಲು ಕೊಡುವುದು ಅದನ್ನೇ. ಊಟದ ಕೊನೆಗೆ ಮಜ್ಜಿಗೆ, ಮಧ್ಯೆ ಒಂದೆಲಗದ ತಂಬುಳಿ, ಬಿಸಿಲಿಗೆ ಬಂದ ನೆಂಟರಿಗೆ ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ. ಮೊಸರಿಗೆ ಒಂದಕ್ಕೆ ಎರಡು ಪಾಲು ನೀರು ಹಾಕಿದರೆ ನೀರುಮಜ್ಜಿಗೆ. ಆ ಎರಡು ಪಾಲು ನೀರಿನ ಜಾಗದಲ್ಲಿ ಪಾಶ್ಚರೀಕರಿಸಿ ತಣಿಸಿದ ಹಾಲೊಡಕನ್ನು ಹಾಕಿ ನೋಡಿದೆವು. ಮೊಸರಿನ ಮಂದಕ್ಕೆ ಗಷ್ಟು ಕಾಣಲೇ ಇಲ್ಲ. ಮಜ್ಜಿಗೆ ಎಂದರೆ ಅಲ್ಲಾಡಿಸಿಯೇ ಕುಡಿಯುವುದು ತಾನೆ. ಹಾಲೊಡಕಿನ ಉಪ್ಪು-ಒಗರು ಶುಂಠಿ-ಮೆಣಸಿನ ಜೊತೆ ಸೇರಿಹೋಯಿತು, ಉಪ್ಪನ್ನೇ ಕಡಿಮೆ ಹಾಕಬೇಕಾಯಿತು, ಸಕ್ಕರೆಯ ಮಾತೇ ಬರಲಿಲ್ಲ. ಲೆಕ್ಕ ಹಾಕಿದರೆ ಲೋಟದೊಳಗಿನ ಘನಾಂಶ ನೀರುಮಜ್ಜಿಗೆಯದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಪ್ರೋಟೀನು ಅಷ್ಟು ಏರುವುದಿಲ್ಲ, ಕಾಲು ಭಾಗದಷ್ಟು ಹೆಚ್ಚಬಹುದು. ಆದರೆ ಒಂದು ಲೋಟಕ್ಕೆ ಹತ್ತು ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ಮೊಸರು ಹೆಪ್ಪು ಹಾಕುವ ಮೊದಲೇ ಸೇರಿಸಿದರೆ ಮೂರೂವರೆ ಗ್ರಾಂ ಪ್ರೋಟೀನು ಅದರಿಂದಲೇ ಬರುತ್ತದೆ, ಒಟ್ಟು ಹೆಚ್ಚುಕಡಿಮೆ ಒಂದು ಲೋಟ ಹಾಲಿನ ಸಮಕ್ಕೆ ನಿಲ್ಲುತ್ತದೆ. ಆ ಪುಡಿಯೂ ಬೆಣ್ಣೆ, ತುಪ್ಪಕ್ಕೆ ಕೆನೆ ತೆಗೆದ ಮೇಲೆ ಉಳಿಯುವ ಹಾಲಿನದೇ. ರಾಗಿ ಹುರಿಹಿಟ್ಟು ಸೇರಿಸಿ ಅಂಬಲಿಯಂತೆಯೂ ಮಾಡಿದೆವು. ಕೆಲಸಕ್ಕೆ ಹೋಗುವವರು ಅದನ್ನೇ ಹೆಚ್ಚು ಮೆಚ್ಚಿದರು.

ಹೀಗಾಗಿ, ಮಾನ್ಯರೇ, ನನ್ನ ಬೇಡಿಕೆಯ ತಿರುಳು ಒಂದೇ ವಾಕ್ಯದ್ದು: ನೀರುಮಜ್ಜಿಗೆಯಲ್ಲಿರುವ ನೀರನ್ನು ಬದಲಿಸಿ. ಹೊಸ ರುಚಿಯನ್ನು ಜನರಿಗೆ ಕಲಿಸುವ ಜಾಹೀರಾತು ಬೇಡ, ಹೊಸ ಹೆಸರೂ ಬೇಡ.

ಇದು ಹಳ್ಳಿಯ ಹೆಂಗಸರ ಅಡುಗೆಮನೆಯ ಕನಸೇನಲ್ಲ ಎಂಬುದಕ್ಕೆ ತಮ್ಮ ಕಚೇರಿಯ ಹತ್ತಿರವೇ ಸಾಕ್ಷಿಗಳಿವೆ. 1923ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1955ರಲ್ಲಿ ಕರ್ನಾಲಿಗೆ ಮುಖ್ಯ ಕೇಂದ್ರವನ್ನು ಬದಲಿಸಿದ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯು ಹಾಲೊಡಕಿನ ಪಾನೀಯಗಳನ್ನು ದಶಕಗಳ ಹಿಂದೆಯೇ ರೂಪಿಸಿದೆ. ಅದರ ದಕ್ಷಿಣದ ಶಾಖೆ ಇಂದಿಗೂ ಬೆಂಗಳೂರಿನ ಆಡುಗೋಡಿಯಲ್ಲಿದೆ. ಹೆಬ್ಬಾಳದಲ್ಲಿ ಡೈರಿ ವಿಜ್ಞಾನ ಕಾಲೇಜಿದೆ. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಹಾಲು ದುಬಾರಿಯಾಗಿದ್ದ ಕಾಲದಲ್ಲಿ, ನೆಲಗಡಲೆಯ ಪ್ರೋಟೀನನ್ನು ಹಾಲಿಗೆ ಸೇರಿಸಿ ‘ಮಿಲ್ಟೋನ್’ ಎಂಬ ಅಗ್ಗದ ಪಾನೀಯವನ್ನು ರೂಪಿಸಿತ್ತು. ಬಡ ಮಕ್ಕಳ ಲೋಟಕ್ಕಾಗಿ ವಿಜ್ಞಾನಿಗಳು ತಲೆಕೆಡಿಸಿಕೊಂಡ ಪರಂಪರೆ ಈ ರಾಜ್ಯದ್ದೇ. ಸ್ವಿಟ್ಜರ್ಲೆಂಡಿನಲ್ಲಿ 1952ರಿಂದ ‘ರಿವೆಲ್ಲಾ’ ಎಂಬ ತಂಪು ಪಾನೀಯ ಹಾಲೊಡಕಿನಿಂದಲೇ ತಯಾರಾಗುತ್ತಿದೆ, ಅಲ್ಲಿನವರಿಗೆ ಅದು ನಮ್ಮ ಎಳನೀರಿನಷ್ಟು ಪರಿಚಿತ. ವಿದ್ಯೆ ಇದೆ, ಹಾಲೊಡಕು ಇದೆ, ಬಾಯಾರಿದವರು ಇದ್ದಾರೆ. ಇವು ಮೂರು ಒಂದೇ ಕಡೆ ಸೇರುತ್ತಿಲ್ಲ.

ಸೇರಿಸಲು ಹೋದ ನಮಗೇನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. 200 ಮಿಲಿಲೀಟರಿಗೆ ಹತ್ತು ರೂಪಾಯಿಯಂತೆ ಮಾರಲು ಪರವಾನಗಿ ಕೇಳಿ ಮೊದಲ ಕಚೇರಿಗೆ ಹೋದೆವು. ಇದು ಹಾಲಿನ ಉತ್ಪನ್ನವೋ ತಂಪು ಪಾನೀಯವೋ ಎಂಬ ಪ್ರಶ್ನೆ ಬಂತು. ಮಜ್ಜಿಗೆ ಎಂದು ಬರೆದರೆ ಅದರಲ್ಲಿ ಹಾಲೊಡಕಿದೆ, ಹಾಲೊಡಕಿನ ಪಾನೀಯ ಎಂದು ಬರೆದರೆ ಅದರಲ್ಲಿ ಮೊಸರಿದೆ. ನಾಲ್ಕು ಸಲ ಹೋದರೂ ಯಾವ ಕಾಲಮ್ಮಿಗೆ ಗುರುತು ಹಾಕಬೇಕೆಂದು ಯಾರೂ ಬರೆದು ಕೊಡಲಿಲ್ಲ. ಎರಡನೆಯ ಕಚೇರಿಯಲ್ಲಿ, ಘಟಕದವರು ಅದನ್ನು ತ್ಯಾಜ್ಯವೆಂದು ಘೋಷಿಸಿರುವಾಗ ನೀವು ಆಹಾರವೆಂದು ಹೇಗೆ ಕೊಳ್ಳುತ್ತೀರಿ ಎಂದರು. ಈ ಪ್ರಶ್ನೆಯಲ್ಲಿ ನ್ಯಾಯವಿದೆ, ಉತ್ತರವನ್ನೂ ಅವರೇ ಹುಡುಕಬೇಕಿತ್ತು. ಮೂರನೆಯದು ಸಾಲದ ಅರ್ಜಿ. ಕಿರು ಆಹಾರ ಸಂಸ್ಕರಣೆಗೆ 2020ರಿಂದ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ 35 ಶೇಕಡಾ, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದು ಹೋದರೆ, ಮೇಜಿನ ಆಚೆಗಿದ್ದವರು ಕಾಗದ ಪೂರ್ತಿ ಓದದೆ ನಕ್ಕು, “ಪನೀರ್ ತೊಳೆದ ಗಲೀಜು ನೀರನ್ನು ಮಕ್ಕಳಿಗೆ ಕುಡಿಸ್ತೀರಾ?” ಎಂದು ಕೇಳಿದರು. ಜೊತೆಗೆ ಬಂದಿದ್ದ ಇಬ್ಬರು ಅಂದಿನಿಂದ ಕಚೇರಿಗಳಿಗೆ ಬರುವುದನ್ನು ಬಿಟ್ಟರು.

ಆ ಅಧಿಕಾರಿಯ ಮಾತು ನೋಯಿಸಿತಾದರೂ ಅದರ ಹಿಂದಿರುವ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಹಾಲೊಡಕು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಪನೀರ್ ಸೋಸಿದ ಬೆನ್ನಿಗೇ ಅದನ್ನು ಸೋಸಿ, 72 ಡಿಗ್ರಿಯಲ್ಲಿ 15 ಸೆಕೆಂಡೋ 63 ಡಿಗ್ರಿಯಲ್ಲಿ 30 ನಿಮಿಷವೋ ಪಾಶ್ಚರೀಕರಿಸಿ, 4 ಡಿಗ್ರಿಗೆ ಇಳಿಸಬೇಕು. ಹುಳಿಯಾದ್ದರಿಂದ ಅಲ್ಯೂಮಿನಿಯಂ, ಹಿತ್ತಾಳೆಯ ಪಾತ್ರೆ ಸಲ್ಲದು, ಸ್ಟೀಲೇ ಆಗಬೇಕು. ಹಾಲು ಒಡೆಸಲು ಬಳಸುವ ಆಮ್ಲ ಆಹಾರಕ್ಕೆ ಯೋಗ್ಯವಾದದ್ದೇ ಎಂದು ಯಾರಾದರೂ ನೋಡಬೇಕು. ಪಾಮ್ ಎಣ್ಣೆ ಸೇರಿಸಿ ಮಾಡುವ ನಕಲಿ ಪನೀರಿನ ನೀರಂತೂ ಹತ್ತಿರವೂ ಬರಬಾರದು. ಸೊಸೈಟಿಗಳಲ್ಲಿ ಹಾಲು ತಣಿಸಿಡುವ ಬಿಎಂಸಿ ಟ್ಯಾಂಕಿಗೆ ಇದನ್ನು ಹಾಕುವಂತಿಲ್ಲ, ಹಾಲು ಕೆಡುತ್ತದೆ. ಬೇರೆಯದೇ ಸಣ್ಣ ಶೀತಲ ಟ್ಯಾಂಕು ಬೇಕು. ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರ ಪಡುವವರಿಗೆ ಇದು ಹಿಡಿಸದು. ಕಿಣ್ವದಿಂದ ಲ್ಯಾಕ್ಟೋಸನ್ನು ಮೊದಲೇ ಒಡೆಯುವ ವಿಧಾನವಿದೆ, ಆಗ ತುಸು ಸಿಹಿಯೂ ತಾನಾಗಿ ಬರುತ್ತದೆ, ಆದರೆ ಅದಕ್ಕೆ ಖರ್ಚಿದೆ. ಇವೆಲ್ಲ ನಾಲ್ವರು ಹೆಂಗಸರ ಕೈಯಲ್ಲಿ ಆಗುವ ಕೆಲಸವಲ್ಲ ಎಂದರೆ ಒಪ್ಪುತ್ತೇನೆ. ಆಗದಿರುವುದರಿಂದಲೇ ತಮಗೆ ಬರೆಯುತ್ತಿದ್ದೇನೆ.

ಯಾರು ಕುಡಿಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವದಿಂದ ಮೀನಿನ ಬುಟ್ಟಿ ಹೊರುವವರು ಹತ್ತು ಗಂಟೆಯ ಹೊತ್ತಿಗೆ ಬೆವರಿನಲ್ಲಿ ತೊಯ್ದು, ಕೈಗೆ ಸಿಕ್ಕ ಬಣ್ಣದ ಬಾಟಲಿಯನ್ನು ಎತ್ತುತ್ತಾರೆ. ಅಂತಹ ಕೋಲಾ ಪಾನೀಯಗಳಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ ಬಿಟ್ಟರೆ ಬೇರೇನಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಹತ್ತುವ ಕಂಡಕ್ಟರುಗಳು, ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹೂವಿನವರು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು, ಇವರಿಗೆ ಹತ್ತು ರೂಪಾಯಿಗೆ ಹೊಟ್ಟೆಗೆ ಹಿಡಿಯುವ ಒಂದು ಲೋಟ ಬೇಕು.

ಮಕ್ಕಳ ವಿಷಯವನ್ನು ಎಚ್ಚರದಿಂದ ಹೇಳುತ್ತೇನೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಸಿಗುತ್ತಿದೆ. ಆ ಹಾಲನ್ನು ಒಂದು ಹನಿಯೂ ಕಡಿಮೆ ಮಾಡಬೇಡಿ. ಖರ್ಚು ಉಳಿಯುತ್ತದೆಂಬ ನೆಪದಲ್ಲಿ ಹಾಲಿನ ಜಾಗಕ್ಕೆ ಹಾಲೊಡಕು ಬಂದರೆ ನಾನೇ ಮೊದಲು ವಿರೋಧಿಸುತ್ತೇನೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಶೇಕಡಾ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅಂತಹ ನಾಡಿನಲ್ಲಿ ಅಂಗನವಾಡಿಯ ರಾಗಿ ಗಂಜಿಯನ್ನು ನೀರಿನಲ್ಲಿ ಕುದಿಸುವ ಬದಲು ಹಾಲೊಡಕಿನಲ್ಲಿ ಕುದಿಸಬಹುದೇ ಎಂದು ಆರೋಗ್ಯ ಇಲಾಖೆಯ ಒಪ್ಪಿಗೆ ಪಡೆದು ನಾಲ್ಕು ಕೇಂದ್ರಗಳಲ್ಲಾದರೂ ನೋಡುವುದು ತಪ್ಪಲ್ಲ. ರಕ್ತಹೀನತೆಗೆ ಇದು ಮದ್ದು ಎಂದು ಮಾತ್ರ ಯಾರೂ ಹೇಳಬಾರದು. ಹಾಲಿನಲ್ಲೂ ಹಾಲೊಡಕಿನಲ್ಲೂ ಕಬ್ಬಿಣದ ಅಂಶ ಅತ್ಯಲ್ಪ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಮೊದಲನೆಯದಾಗಿ ಉಭಯ ಜಿಲ್ಲೆಗಳಲ್ಲಿ ಪನೀರ್, ಛೇನಾ ಮಾಡುವ ಘಟಕಗಳು ಎಷ್ಟಿವೆ, ದಿನಕ್ಕೆ ಎಷ್ಟು ಹಾಲು ಒಡೆಸುತ್ತವೆ, ಉಳಿದ ನೀರನ್ನು ಎಲ್ಲಿಗೆ ಬಿಡುತ್ತವೆ ಎಂಬ ಪಟ್ಟಿಯನ್ನು ಮುಂದಿನ ಬೇಸಗೆಯ ಒಳಗೆ ಮಾಡಿಸಿ. ದಂಡ ಹಾಕುವುದಕ್ಕಾಗಿ ಅಲ್ಲ. ದಂಡದಿಂದ ಆರಂಭಿಸಿದರೆ ಪೈಪು ಕೇದಗೆಯಿಂದ ಇನ್ನೂ ಆಳದ ಮೆಳೆಗೆ ಹೋಗುತ್ತದೆ. ಎರಡನೆಯದು, ಆಹಾರ ಸುರಕ್ಷತೆಯ ಅಧಿಕಾರಿಗಳೊಂದಿಗೆ ಕುಳಿತು, ಹಾಲೊಡಕು ಬೆರೆಸಿದ ಮಜ್ಜಿಗೆಯನ್ನು ಯಾವ ಹೆಸರಿನಲ್ಲಿ, ಯಾವ ಪರವಾನಗಿಯಲ್ಲಿ, ಯಾವ ಪರೀಕ್ಷೆಗಳೊಂದಿಗೆ ಮಾರಬಹುದು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆಸಿ ಎಲ್ಲ ತಾಲ್ಲೂಕು ಕಚೇರಿಗಳಿಗೆ ಕಳುಹಿಸಿ. ನಮ್ಮ ಒಂದೂವರೆ ವರ್ಷ ಹೋದದ್ದು ಆ ಒಂದು ಪುಟ ಇಲ್ಲದೆ.

ಮೂರನೆಯದು ಹಣದ ಮಾತು. ಪಶುಸಂಗೋಪನಾ ಮೂಲಸೌಕರ್ಯಕ್ಕೆಂದು ಕೇಂದ್ರ ಸರ್ಕಾರ 2020ರಲ್ಲಿ 15,000 ಕೋಟಿ ರೂಪಾಯಿಯ ನಿಧಿಯನ್ನು ಘೋಷಿಸಿತು, ಬಡ್ಡಿಯಲ್ಲಿ 3 ಶೇಕಡಾ ರಿಯಾಯಿತಿಯೂ ಇದೆ. ಅದು ದೊಡ್ಡ ಕೈಗಳಿಗೆ ಮಾತ್ರ ಎಟಕುವ ಕೊಂಬೆಯಾಗದಂತೆ, ನಾಲ್ಕೈದು ಸಣ್ಣ ಪನೀರ್ ಘಟಕಗಳ ಹಾಲೊಡಕನ್ನು ಒಂದೇ ಕಡೆ ತಂದು ಸಂಸ್ಕರಿಸುವ ಒಂದು ಪ್ರಾಯೋಗಿಕ ಕೇಂದ್ರವನ್ನು ಉಡುಪಿ ಕಡೆಯೊಂದು, ಮಂಗಳೂರು ಕಡೆಯೊಂದು ಎಂದು ಸಹಕಾರಿ ತತ್ವದಲ್ಲಿ ಆರಂಭಿಸಿ. ಹಾಲಿನ ವಾಹನಗಳು ದಿನಾ ಓಡಾಡುವ ದಾರಿಯಲ್ಲೇ ಇವು ಇರಲಿ. ತಾಂತ್ರಿಕ ನೆರವಿಗೆ ಹೆಬ್ಬಾಳದ ಕಾಲೇಜನ್ನೂ ಬ್ರಹ್ಮಾವರ, ಮಂಗಳೂರುಗಳ ಕೃಷಿ ವಿಜ್ಞಾನ ಕೇಂದ್ರಗಳನ್ನೂ ಕೇಳಿಕೊಳ್ಳಬಹುದು. ಘಟಕದವರಿಗೆ ಲೀಟರಿಗೆ ಐವತ್ತು ಪೈಸೆ ಕೊಟ್ಟರೂ ಸಾಕು. ಚರಂಡಿಗೆ ಬಿಡುವುದಕ್ಕಿಂತ ಕ್ಯಾನಿಗೆ ತುಂಬುವುದರಲ್ಲಿ ಲಾಭ ಇದೆಯೆಂದಾದರೆ ಕಾವಲು ಹಾಕಬೇಕಾಗಿಲ್ಲ.

ಇನ್ನೊಂದು, ಸಣ್ಣದೆಂದು ಕಾಣಬಹುದು. ತೋಡಿನಿಂದ ಹಾಲೊಡಕನ್ನು ಎತ್ತಿ, ಅದೇ ತೋಡಿಗೆ ಪ್ಲಾಸ್ಟಿಕ್ ತೊಟ್ಟೆಗಳನ್ನು ಕಳುಹಿಸುವಂತಾಗಬಾರದು. ಬಸ್ ನಿಲ್ದಾಣ, ದಕ್ಕೆ, ಸರ್ಕಾರಿ ಆಸ್ಪತ್ರೆಗಳ ಎದುರು ತಣ್ಣಗಿನ ದೊಡ್ಡ ಕ್ಯಾನುಗಳಲ್ಲಿ ತಂದು, ತೊಳೆದ ಸ್ಟೀಲ್ ಲೋಟಗಳಲ್ಲಿ ಕೊಡುವ ವ್ಯವಸ್ಥೆಯಾದರೆ ಬೆಲೆಯೂ ಇಳಿಯುತ್ತದೆ. ಪೊಟ್ಟಣದಲ್ಲೇ ಮಾರಬೇಕಾದಲ್ಲಿ ಪ್ರೋಟೀನು ಎಷ್ಟು, ಸಕ್ಕರೆ ಎಷ್ಟು ಎಂಬುದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಇರಲಿ.

ನಮ್ಮ ಸಂಘದ ಹಳೆಯ ಕಟ್ಟಡದಲ್ಲಿ, ಹಿಂದೆ ಪಶು ಆಹಾರದ ಮೂಟೆಗಳನ್ನು ಇಡುತ್ತಿದ್ದ ಒಂದು ಕೋಣೆ ಖಾಲಿ ಇದೆ. ನೆಲಕ್ಕೆ ಟೈಲ್ಸ್ ಇದೆ, ತ್ರೀಫೇಸ್ ವಿದ್ಯುತ್ ಇದೆ, ಬಾವಿಯ ನೀರು ಮೇ ತಿಂಗಳಲ್ಲೂ ಬತ್ತುವುದಿಲ್ಲ. ಪ್ರಯೋಗಕ್ಕಾಗಿ ಅದನ್ನು ಎರಡು ವರ್ಷ ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಸಂಘದ ಮಹಾಸಭೆ ಒಪ್ಪಿ ನಿರ್ಣಯ ಬರೆದಿದೆ. ಪನೀರ್ ಘಟಕದ ಮಾಲಕರೂ ದಿನಕ್ಕೆ ನಾನೂರು ಲೀಟರನ್ನು ಬಿಸಿಯಿರುವಾಗಲೇ ತಂದು ಮುಟ್ಟಿಸುತ್ತೇನೆಂದು ಬರೆದು ಕೊಟ್ಟಿದ್ದಾರೆ. ಎರಡೂ ಕಾಗದಗಳ ಪ್ರತಿಯನ್ನು ಅಂಚೆಯಲ್ಲಿ ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಸ್ಥಳ ನೋಡಲು ಯಾರಾದರೂ ಅಧಿಕಾರಿಯನ್ನು ಫೆಬ್ರವರಿಯೊಳಗೆ ಕಳುಹಿಸಿದರೆ, ಮಾರ್ಚಿನಲ್ಲಿ ತೋಡಿನ ನೀರು ಕಟ್ಟದ ಹಿಂದೆ ನಿಲ್ಲುವ ಮೊದಲು ಕೆಲಸ ಆರಂಭಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಯದರ್ಶಿ,
ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ಉಡುಪಿ ಜಿಲ್ಲೆ.